ರೊಟ್ಟಿಯ ಪಕ್ಕದ ಮಂಗಳ ಗ್ರಹ

೧೯೩೩ರಲ್ಲಿ ನಾನು ಸಾಲಿ ಬಿಟ್ಟೆ. ನಾಲ್ಕನೇ ಜಮಾತಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾಸ್ತರರು ಉರ್ದುವಿನಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಯೋಚಿಸುತ್ತಿದ್ದೆ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಬೆತ್ತ ಅಂಗೈಗೆ ಬಂದಿರುತ್ತಿತ್ತು. ಒಂದು ದಿನ ಕೈ ಚಾಚದೆ ಎದ್ದು ಹೊರಗೆ ಬಂದೆ. ಮರುದಿನ ಸೋದರಮಾವನ ಹಿಂದೆ ಬಾವಿ ತೋಡುವ ಕೆಲಸಕ್ಕೆ ಹೋದೆ. ಕೊಪ್ಪಳದಿಂದ ಹಿಡಿದು ಯಲಬುರ್ಗಾ, ಕುಷ್ಟಗಿವರೆಗೆ ಎಷ್ಟೋ ಹೊಲಗಳ ತಳದಲ್ಲಿ ನನ್ನ ಕಬ್ಬಿಣದ ಹಾರಿಯ ಗುರುತು ಇದೆ. ಸಾಲಿ ಪೂರ್ತಿ ಕಲಿತವರೂ ಆ ನೀರನ್ನೇ ಕುಡಿದಿದ್ದಾರೆ. ಇದನ್ನು ಸೊಕ್ಕಿನಿಂದಲೇ ಹೇಳುತ್ತೇನೆ.

ಸಾಲಿ ಬಿಟ್ಟರೂ ಓದು ಬಿಡಲಿಲ್ಲ. ಕೊಪ್ಪಳದ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಕೆಳಗೆ ನನಗೊಂದು ಕನ್ನಡ ಪುಸ್ತಕ ಸಿಕ್ಕಿತ್ತು. ಯಾರೋ ಗದಗಿನ ಕಡೆಯವರು ಮರೆತು ಹೋದದ್ದಿರಬೇಕು. ಮುಖಪುಟ ಹರಿದಿತ್ತು, ಕೊನೆಯ ಹಾಳೆಗಳೂ ಇರಲಿಲ್ಲ. ಅದರಲ್ಲಿ ರಾಜನ ಮನೆಯ ಗಡಿಯಾರದವನೊಬ್ಬ ದೊಡ್ಡದೊಂದು ಕಬ್ಬಿಣದ ತತ್ತಿ ಮಾಡಿ, ಅದರೊಳಗೆ ಕೂತು ಮಂಗಳ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿಯ ಮಂದಿಗೆ ಬಾಯಿಯೇ ಇಲ್ಲ. ಹಣೆಯ ಮೇಲೆ ದೀಪಗಳಿವೆ, ಅವುಗಳ ಮಿಣುಕಿನಲ್ಲೇ ಮಾತು. ನಾನು ಆ ಪುಸ್ತಕವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆಕಾಶದಲ್ಲಿ ಕೆಂಪು ಚುಕ್ಕೆ ಕಂಡರೆ ಅದು ನನ್ನ ಸ್ವಂತದ್ದು ಅನ್ನಿಸುತ್ತಿತ್ತು.

ನನ್ನ ಜೋಡಿ ಕೆಲಸ ಮಾಡುತ್ತಿದ್ದವನನ್ನು ನಾನು ಭಾಯ್ ಅನ್ನುತ್ತಿದ್ದೆ. ನನಗಿಂತ ಆರೇಳು ವರ್ಷ ದೊಡ್ಡವನು. ಕಲ್ಲಿಗೆ ತೂತು ಹೊಡೆದು ಸಿಡಿಮದ್ದು ತುಂಬುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಅವನಿಗೆ ಕನ್ನಡ ಮಾತು ನನ್ನಷ್ಟೇ ಬರುತ್ತಿತ್ತು, ಓದಲು ಮಾತ್ರ ಉರ್ದು. ಹೈದರಾಬಾದಿನಲ್ಲಿದ್ದ ಅವನ ಭಾವ ಒಂದು ಉರ್ದು ಕಥೆಯ ಕಂತುಗಳನ್ನು ಕಟ್ಟಿ ಕಳಿಸುತ್ತಿದ್ದ. ಅದು ಭೂಮಿಯ ಕೆಳಗಿನ ಒಂದು ಶಹರದ ಕಿಸ್ಸಾ. ಮರಳುಗಾಡಿನ ತಳದಲ್ಲಿ ಊರು, ಊರಿಗೊಂದು ಸ್ವಂತ ಸೂರ್ಯ, ಬಂಡೆಯನ್ನು ಹಿಂಡಿ ನೀರು ತೆಗೆಯುವ ಯಂತ್ರ, ನಾಳೆ ಆಗುವುದನ್ನು ಇವತ್ತೇ ತೋರಿಸುವ ಕನ್ನಡಿ.

ನಾನು ಉರ್ದು ಓದಲು ಕೂತರೆ ಒಂದು ಸಾಲಿಗೆ ಒಂದು ಗಳಿಗೆ ಬೇಕು. ಅವನಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಹೀಗಾಗಿ ನನ್ನ ಪುಸ್ತಕವನ್ನು ನಾನು ಅವನಿಗೆ ಓದಿ ಹೇಳಬೇಕು, ಅವನದನ್ನು ಅವನು ನನಗೆ. ಜಗಳ ಹುಟ್ಟಲು ಇನ್ನೇನು ಬೇಕು?

"ನೀ ಓದಾಕತ್ತಿಲ್ಲ, ಬಾಯಿಗೆ ಬಂದದ್ದ ಹೇಳಾಕತ್ತಿ" ಅನ್ನುತ್ತಿದ್ದ. "ನಿನ್ನೆ ತತ್ತಿಗೆ ಒಂದ ಬಾಗಲ ಇತ್ತು, ಇವತ್ತ ಎರಡು ಹೆಂಗ ಬಂದವು?"

"ನಿನ್ನ ಶಹರದಾಗ ಹೋದ ವಾರ ಸತ್ತಾವ ಈ ವಾರ ಚಹಾ ಕುಡೀತಾನಲ್ಲ ಭಾಯ್, ಅದು?"

"ಅದು ಕಿಸ್ಸಾ, ತಮ್ಮಾ. ಕಿಸ್ಸಾದಾಗ ಸತ್ತಾವ್ರು ಬರ್ತಾರ."

ಹೊಲದಿಂದ ಹೊಲಕ್ಕೆ ನಡೆಯುವಾಗ ದಾರಿಯುದ್ದಕ್ಕೂ ಇದೇ ಮಾತು. ಒಮ್ಮೆ ಇಟಗಿಯ ಮೇಲೆ ಹಾಯ್ದು ಹೋಗುವಾಗ ಅಲ್ಲಿಯ ಹಳೇ ಗುಡಿಯ ಕಂಬಗಳನ್ನು ನೋಡಿ, "ಇದು ಮ್ಯಾಲಿನ ಮಂದಿ ಕೆಲಸ ಅಲ್ಲ, ನನ್ನ ಕೆಳಗಿನ ಶಹರದಾವ್ರು ರಾತ್ರಿ ಬಂದು ಮಾಡಿ ಹೋಗ್ಯಾರ" ಅಂದ. ನಾನು ಅವನ ಬೆರಳು ಹಿಡಿದು ಕಂಬದ ಬುಡದ ಉಳಿಗುರುತಿನ ಮೇಲೆ ಇಟ್ಟೆ. ಸ್ವಲ್ಪ ದೂರ ಹೋದ ಮೇಲೆ, "ಅವ್ರ ಹತ್ರಾನೂ ಉಳಿ ಇರ್ತಾವು" ಅಂದ.

ಇನ್ನು ನಮ್ಮ ಕೆಲಸದ ಒಂದು ರೀತಿಯನ್ನು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಕಸುಬಿನವರು ಸಿಡಿದು ಹಾರಿದ ಮದ್ದಿಗೆ ಅಂಜುವುದಿಲ್ಲ. ಹಾರದೆ ಉಳಿದದ್ದಕ್ಕೆ ಅಂಜುತ್ತಾರೆ. ಬಾವಿಯ ತಳದ ಬಂಡೆಗೆ ಅಲ್ಲಲ್ಲಿ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಇಟ್ಟು, ಹಚ್ಚಿ ಮೇಲೆ ಬರುತ್ತಾರೆ. ಒಂದು ತೂತು ಹಾರದೆ ಉಳಿದರೆ ಅದು ಒಡೆದ ಕಲ್ಲಿನ ಕೆಳಗೆ ಮುಚ್ಚಿಹೋಗುತ್ತದೆ. ಆಮೇಲೆ ಇಳಿದವನು ಹಾರಿ ಹಾಕಿದಾಗ ಕಬ್ಬಿಣಕ್ಕೂ ಕಲ್ಲಿಗೂ ಕಿಡಿ ಹುಟ್ಟಿದರೆ ಮುಗಿಯಿತು. ಕುಷ್ಟಗಿ ಕಡೆ ಹೀಗೆ ಉಳಿದ ಒಂದು ತೂತು ನನ್ನ ಸೋದರಮಾವನ ಬಲಗಣ್ಣನ್ನೂ ಮೂರು ಬೆರಳನ್ನೂ ತಿಂದಿತ್ತು. ಅವನ ಜೋಡಿ ಇಳಿದಿದ್ದವನನ್ನು ಕಂಬಳಿಯಲ್ಲಿ ಕಟ್ಟಿ ಮೇಲೆ ತಂದಿದ್ದರು. ಆ ಕಂಬಳಿಯ ತೂಕ ನನ್ನ ಕೈಗೆ ಗೊತ್ತು, ಹಗ್ಗ ಎಳೆದವರಲ್ಲಿ ನಾನೂ ಒಬ್ಬ.

ಅದಕ್ಕೆ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಎಷ್ಟು ತೂತು ತುಂಬಿದೆ ಅಂತ ಹಾರಿಸುವ ಮೊದಲು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಬಾವಿ ಒಂದನ್ನು ಉಳಿಸಿಕೊಳ್ಳುತ್ತದೆ ಅನ್ನುತ್ತಿದ್ದರು. ಮನಸ್ಸಿನಲ್ಲಿ ಎಣಿಸುವುದಕ್ಕೂ ನಮ್ಮವರು ಅಂಜುತ್ತಿದ್ದರು. ಬದಲಿಗೆ, ಮದ್ದು ತುಂಬುವವನು ಒಂದೊಂದು ತೂತಿಗೆ ಆ ಬಾವಿಯದೇ ಒಂದೊಂದು ಚೂರುಕಲ್ಲನ್ನು ತನ್ನ ಹೆಗಲ ಬಟ್ಟೆಯಾದ ವಲ್ಲಿಯಲ್ಲಿ ಕಟ್ಟಿಕೊಂಡು ಮೇಲೆ ಬರುತ್ತಾನೆ. ವಲ್ಲಿಯನ್ನು ದಂಡೆಯ ಮೇಲೆ ಹಾಸುತ್ತಾರೆ. ಬತ್ತಿ ಹಚ್ಚಿ ಎಲ್ಲರೂ ಹೊಲದ ಬದುವಿನ ಹಿಂದೆ ಓಡುವಾಗ ವಲ್ಲಿಯನ್ನೂ ಒಯ್ಯುತ್ತಾರೆ. ಒಂದು ಸಪ್ಪಳಕ್ಕೆ ಒಂದು ಕಲ್ಲು ಎಸೆಯುವುದು. ವಲ್ಲಿ ಬರಿದಾದರೆ ಇಳಿಯಬಹುದು. ಒಂದು ಕಲ್ಲು ಉಳಿದರೂ ಆ ದಿನ ಯಾರೂ ಇಳಿಯುವುದಿಲ್ಲ. ಕೊಡಗಟ್ಟಲೆ ನೀರು ಸುರಿದು ಮರುದಿನ ಕೈಯಿಂದಲೇ ಕಲ್ಲು ತೆಗೆಯಬೇಕು, ಕಬ್ಬಿಣ ಮುಟ್ಟಿಸಬಾರದು. ತಲೆ ಮರೆಯುತ್ತದೆ, ವಲ್ಲಿ ಮರೆಯುವುದಿಲ್ಲ ಅಂತ ನಮ್ಮ ನಂಬಿಕೆ.

೧೯೪೧ರ ಬೇಸಿಗೆಯಲ್ಲಿ ಬೇವೂರಿನ ಹತ್ತಿರ ಒಂದು ಹೊಲದಲ್ಲಿ ಬಾವಿ ಹಿಡಿದಿದ್ದೆವು. ಹೊಲ ಒಬ್ಬ ವಯಸ್ಸಾದ ಗೌಡಶ್ಯಾನಿಯದು. ಗಂಡ, ಊರ ಗೌಡ, ತೀರಿಕೊಂಡಿದ್ದ, ಬೇಸಾಯವನ್ನೆಲ್ಲ ಅವಳೇ ನಿಂತು ಮಾಡಿಸುತ್ತಿದ್ದಳು. ರಾಟಿಯ ಹಗ್ಗ ಎಳೆಯಲು ಗಂಡಹೆಂಡತಿ ಇಬ್ಬರಿದ್ದರು. ನಾನು, ಭಾಯ್. ಇಷ್ಟೇ ಮಂದಿ. ಬಾವಿ ಏಳಾಳು ಆಳ ಹೋಗಿತ್ತು. ಮೇಲಿನದು ಕೆಂಪು ಮಸಾರಿ ಮಣ್ಣು, ಹೊಲದ ಕಲ್ಲೆಲ್ಲ ಬಿಳಿ. ತಳದಲ್ಲಿ ಮಾತ್ರ ಕರೇ ಬಂಡೆ, ಒಡೆದರೆ ಒಳಗೆ ನೀಲಿ ಹೊಳಪು. ಅದು ಆಗಷ್ಟೇ ಹತ್ತಿತ್ತು, ಅದರ ಒಂದು ಬುಟ್ಟಿಯೂ ಇನ್ನೂ ಮೇಲೆ ಬಂದಿರಲಿಲ್ಲ; ಅಂಥ ಕಲ್ಲು ಆ ಹೊಲದಲ್ಲಿ ಬೇರೆಲ್ಲೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಗೌಡಶ್ಯಾನಿ ತಾನೇ ಬುತ್ತಿ ತರುತ್ತಿದ್ದಳು. ದಂಡೆಯ ಬೇವಿನ ಗಿಡದ ಕೆಳಗೆ ಕೂತು ನಮ್ಮ ಕಥೆಗಳನ್ನು ಕೇಳುತ್ತಿದ್ದಳು. ಅವಳಿಗೆ ಎರಡೂ ಕಥೆ ಬೇಕು, ಎರಡರ ಮೇಲೂ ತಕರಾರು.

ಆ ದಿನ ಭಾಯ್ ಮುಂಜಾನೆಯೇ ತೂತುಗಳನ್ನೆಲ್ಲ ತುಂಬಿ ಮೇಲೆ ಬಂದಿದ್ದ. ದಂಡೆಯ ಮೇಲೆ, ತನ್ನ ಮಗ್ಗುಲಲ್ಲೇ ವಲ್ಲಿ ಹಾಸಿ ಊಟಕ್ಕೆ ಕೂತ. ಉಂಡ ಮೇಲೆ ಹಾರಿಸುವುದಿತ್ತು.

"ನಿನ್ನ ತತ್ತಿಗೆ ಕಿಟಕಿ ಇಲ್ಲಂತಿ. ಮತ್ತ ಮಂಗಳ ಬಂತಂತ ಅವಗ ಹೆಂಗ ಗೊತ್ತಾತು?" ಅಂತ ಶುರು ಮಾಡಿದ.

"ಗಡಿಯಾರ ಐತಲ್ಲ ಭಾಯ್. ಹೊತ್ತಿನ ಲೆಕ್ಕದ ಮ್ಯಾಲ ಹೋಗ್ತಾನ."

"ಅದೆಲ್ಲಾ ಇರ್ಲಿ" ಅಂದಳು ಗೌಡಶ್ಯಾನಿ. "ಆ ಬಾಯಿ ಇಲ್ಲದ ಮಂದಿ ಏನ ಉಣ್ತಾರ?"

"ಬೆಳಕ ಉಣ್ತಾರಂತ ಯವ್ವಾ."

"ಹಂಗಾರ ಅಲ್ಲಿ ಸೊಸಿದೇರು ಸುಖದಾಗ ಅದಾರ ಬಿಡು. ಬೀಸೂದಿಲ್ಲ, ಬಡಿಯೂದಿಲ್ಲ."

"ಅತ್ತಿ ಕೂಡ ಜಗಳಾ ಮಾಡಾಕ ಬಾಯೀನೂ ಇಲ್ಲ" ಅಂದಳು ಹಗ್ಗ ಎಳೆಯುವವಳು. ಎಲ್ಲರೂ ನಕ್ಕರು. ನಾನು ಗೆದ್ದೆ ಅಂದುಕೊಂಡೆ.

ಭಾಯ್‌ಗೆ ಅದು ತಡೆಯಲಿಲ್ಲ. "ತಡಿ, ನಾ ತೋರಸ್ತೀನಿ" ಅಂತ ನೆಲ ಸವರಿದ. ಉಳ್ಳಾಗಡ್ಡಿಯೊಂದನ್ನು ಇಟ್ಟು, "ಇದು ಸೂರ್ಯ" ಅಂದ. ತನ್ನ ರೊಟ್ಟಿಯ ಚೂರು ಮುರಿದಿಟ್ಟು, "ಇದು ನಮ್ಮ ದುನಿಯಾ, ಇಲ್ಲಿ ನಾವು ಕುಂತೀವಿ" ಅಂದ. ಕೈ ಹಿಂದೆ ಚಾಚಿ ಒಂದು ಕಲ್ಲು ತೆಗೆದು, ಮಂಡಿಯ ಮೇಲೆ ಎದ್ದು, ಆದಷ್ಟು ದೂರ ಇಟ್ಟ. "ಇದು ನಿನ್ನ ಮಂಗಳ. ಇಲ್ಲಿಂದ ಅಲ್ಲೀತನಕ ಆ ಗಡಿಯಾರದಾವ ಏನ ಕುಡದ ಹೋದಾ? ಒಂದ ಕೊಡಾ ನೀರೂ ಇಟ್ಟಿಲ್ಲಲ್ಲ ನಿನ್ನ ಪುಸ್ತಕದಾವ! ನನ್ನ ಶಹರ ನೋಡು, ಕಾಲ ಕೆಳಗ ಐತಿ. ಇಳದರ ಬಂತು. ನೀರೂ ಅಲ್ಲೇ, ಸೂರ್ಯನೂ ಅಲ್ಲೇ."

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಹೊತ್ತಾಯಿತು ಅಂತ ರಾಟಿಯವನು ಎದ್ದ. ಭಾಯ್ ಇಳಿದು ಬತ್ತಿ ಹಚ್ಚಿ ಬಂದ. ನಾನು ವಲ್ಲಿ ಮಡಚಿ ಹಿಡಿದು ಓಡಿದೆ. ಬದುವಿನ ಹಿಂದೆ ಎಲ್ಲರೂ ಬೋರಲು ಬಿದ್ದೆವು. ಭಾಯ್ ಯಾವಾಗಲೂ ಕಿವಿಗೆ ಅರಳೆ ತುರುಕಿ, ಅದರ ಮೇಲೆ ಬೆರಳು ಒತ್ತಿ, ಮುಖ ಮಣ್ಣಿಗೆ ಹಚ್ಚಿ ಮಲಗುತ್ತಿದ್ದ. ಸಪ್ಪಳ ಕೇಳಿ ಕಲ್ಲು ಎಸೆಯುವುದು ನನ್ನ ಕೆಲಸ. ಎಸೆದೆ. ಒಂದು ಸಪ್ಪಳ ಉಳಿದವುಗಳಿಗಿಂತ ದಪ್ಪ ಬಂತು, ಎರಡು ಕೂಡಿ ಹಾರಿದವೇನೋ ಅನ್ನಿಸಿತು. ಆದರೆ ಕೊನೆಯ ಸಪ್ಪಳಕ್ಕೆ ಸರಿಯಾಗಿ ಕೊನೆಯ ಕಲ್ಲು ಹೋಯಿತು. ವಲ್ಲಿ ಬರಿದಾಯಿತು. ಅನುಮಾನ ಅಲ್ಲಿಗೇ ಹೋಯಿತು.

ಹೊಗೆ ತಿಳಿಯಾದ ಮೇಲೆ ಭಾಯ್ ಹಾರಿ ಹಿಡಿದು ಇಳಿದ. ನಾನು ದಂಡೆಯಲ್ಲಿ ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದೆ. ಗೌಡಶ್ಯಾನಿ ಬುತ್ತಿಯ ಬಟ್ಟೆ ಝಾಡಿಸುತ್ತ, ಸೂರ್ಯನನ್ನು ತೆಗೆದು ಸೆರಗಿಗೆ ಹಾಕಿಕೊಂಡಳು. ಭೂಮಿಯನ್ನು ಕಾಗೆ ಆಗಲೇ ಒಯ್ದಿತ್ತು.

"ಏ ಯಪ್ಪಾ, ನಿನ್ನ ಮಂಗಳ ಇಲ್ಲೇ ಬಿದ್ದೈತಿ ನೋಡು" ಅಂತ ಕಲ್ಲನ್ನು ಎತ್ತಿ ನನಗೆ ತೋರಿಸಿದಳು.

ಬಿಸಿಲಿನಲ್ಲಿ ಅದು ನೀಲಿ ಹೊಳೆಯಿತು.

ನನ್ನ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು. ಹೊಲದ ಕಲ್ಲು ಬಿಳಿ. ಇದು ಕರಿ. ಭಾಯ್ ಹಿಂದೆ ಕೈ ಚಾಚಿ ತೆಗೆದದ್ದು ನೆಲದಿಂದ ಅಲ್ಲ, ವಲ್ಲಿಯ ಮೇಲಿನಿಂದ. ಒಂದು ತೂತಿನ ಕಲ್ಲು ವಲ್ಲಿಯಲ್ಲಿ ಇರಲೇ ಇಲ್ಲ. ನಾನು ಎಸೆದದ್ದು ಉಳಿದವುಗಳನ್ನು ಮಾತ್ರ. ಹಾಗಾದರೆ ತಳದಲ್ಲಿ ಒಂದು ಉಳಿದಿದೆ.

ಅಷ್ಟರಲ್ಲಿ ಕೆಳಗಿನಿಂದ ಹಾರಿಯ ಸಪ್ಪಳ ಬಂತು. ಠಣ್.

ಬಾಯಿ ತೆರೆದೆ, ಒದರಲಿಲ್ಲ. ಬಾವಿಯಲ್ಲಿದ್ದವನಿಗೆ ಮೇಲಿನಿಂದ ಒದರಿದರೆ ಒಂದೇ ಅರ್ಥ: ಕಲ್ಲು ಬೀಳುತ್ತಿದೆ, ಗೋಡೆಗೆ ಹತ್ತಿ ನಿಲ್ಲು. ಅರಳೆ ತುಂಬಿದ ಕಿವಿಗೆ ಕೇಳಿಸೀತೋ ಇಲ್ಲವೋ ದೇವರಿಗೇ ಗೊತ್ತು. ಕೇಳಿಸಿದರೆ ಅವನು ಜಿಗಿಯುತ್ತಾನೆ. ಎಲ್ಲಿ ಜಿಗಿಯುತ್ತಾನೆ? ಕೈಯಲ್ಲಿಯ ಹಾರಿಯನ್ನು ಎಲ್ಲಿ ಬಿಡುತ್ತಾನೆ?

ಠಣ್.

"ನನ್ನ ಇಳಸ್ರಿ" ಅಂದೆ.

"ಬುಟ್ಟಿ ಇನ್ನೂ ಕಟ್ಟಿಲ್ಲಲ್ಲೋ" ಅಂದ ರಾಟಿಯವನು.

"ಬುಟ್ಟಿ ಬ್ಯಾಡ. ನನ್ನ ಇಳಸ್ರಿ. ಮೆಲ್ಲಕ. ಒಂದ ಹಳ್ಳು ಕಲ್ಲೂ ಬೀಳಬಾರದು."

ನನ್ನ ಮುಖ ನೋಡಿ ಗೌಡಶ್ಯಾನಿಗೆ ತಿಳಿಯಿತು. ಕೈಯಲ್ಲಿದ್ದ ಕಲ್ಲನ್ನು ತಾನೇ ತಂದು ನನ್ನ ಅಂಗೈಯಲ್ಲಿ ಇಟ್ಟಳು. ಆಮೇಲೆ ಅವಳೂ ಬಂದು ಹಗ್ಗದ ತುದಿ ಹಿಡಿದಳು.

ಹಗ್ಗಕ್ಕೆ ಕಟ್ಟಿದ ಕಟ್ಟಿಗೆ ತುಂಡಿನ ಮೇಲೆ ಕೂತು ಇಳಿದೆ. ಅಷ್ಟು ನಿಧಾನವಾಗಿ ನಾನು ಯಾವ ಬಾವಿಗೂ ಇಳಿದಿಲ್ಲ. ಮೊದಲು ಕೆಂಪು ಮಣ್ಣು ಮೇಲಕ್ಕೆ ಹೋಯಿತು, ಆಮೇಲೆ ಬಿಳಿ ಗರಸು, ಆಮೇಲೆ ಕಪ್ಪು. ಮದ್ದಿನ ನಾತ ಗಂಟಲಿಗೆ ಹತ್ತಿತು. ಪ್ರತಿ ಠಣ್ಣಿಗೂ ಸೋದರಮಾವನ ಕಣ್ಣಿನ ಕುಳಿ ಕಾಣಿಸಿತು. ಕಂಬಳಿಯ ತೂಕ ಮತ್ತೆ ಕೈಗೆ ಬಂತು.

ಅವನ ಬೆನ್ನು ಕಂಡಿತು. ಹಾರಿಯನ್ನು ಎರಡೂ ಕೈಯಿಂದ ಎತ್ತಿದ್ದ. ನಾನು ಕಲ್ಲಿನ ರಾಶಿಯ ಮೇಲೆ ಕಾಲಿಟ್ಟು, ಅವನ ಕೈ ಮೇಲಿದ್ದಾಗಲೇ ಹಾರಿಯ ನಡು ಹಿಡಿದೆ.

ಅವನು ತಿರುಗಿದ. "ಯಾಕೋ, ಹುಚ್ಚ ಹಿಡೀತೇನ?" ಅಂದ. ನಾನು ಒಂದು ಕೈಯಿಂದ ಹಾರಿ ಬಿಡದೆ, ಇನ್ನೊಂದು ಕೈ ಬಿಚ್ಚಿ ಕಲ್ಲು ತೋರಿಸಿದೆ.

ಮೊದಲು ಅವನಿಗೆ ತಿಳಿಯಲಿಲ್ಲ. ನನ್ನ ಅಂಗೈಯನ್ನೇ ಮೇಲಿನ ಬೆಳಕಿಗೆ ಹಿಡಿದು ನೋಡಿದ. ತಾನು ಮಂಡಿಯ ಮೇಲೆ ಎದ್ದು ದೂರ ಇಟ್ಟದ್ದು ನೆನಪಾಗಿರಬೇಕು. ಮುಖದ ಮೇಲೆಲ್ಲ ಧೂಳಿತ್ತು, ಆದರೂ ಅದರ ಕೆಳಗಿನ ಬಣ್ಣ ಹೋದದ್ದು ನನಗೆ ಕಂಡಿತು. ಇಬ್ಬರೂ ಕೂಡಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಆ ಹಾರಿಯನ್ನು ಗೋಡೆಗೆ ಒರಗಿಸಿದೆವು.

ಹಗ್ಗ ಒಂದೇ. ಒಬ್ಬನೇ ಹೋಗಬೇಕು. ಅವನು ಕಿವಿಯ ಅರಳೆ ತೆಗೆದ.

"ನೀ ಹೋಗು" ಅಂದ.

"ನೀ ಹೋಗು. ನಿನಗ ಮೂರ ಮಕ್ಕಳು."

"ಮಂಗಳ ಇಟ್ಟಾವ ನಾನು."

"ಕಲ್ಲ ಒಗದಾವ ನಾನು. ಇಲ್ಲೂ ಜಗಳಾ ಮಾಡಬ್ಯಾಡ ಭಾಯ್, ಹತ್ತು."

ಅವನು ಹೋದ. ನಾನು ನಿಂತಲ್ಲೇ ನಿಂತೆ. ಯಾವ ಕಲ್ಲಿನ ಕೆಳಗೆ ಅದು ಇದೆಯೋ ಗೊತ್ತಿಲ್ಲ. ನನ್ನ ಕಾಲ ಕೆಳಗೇ ಇರಬಹುದು. ಬತ್ತಿ ಪೂರ್ತಿ ಆರಿದೆಯೋ, ಇನ್ನೂ ಎಲ್ಲೋ ಬೂದಿಯೊಳಗೆ ಕೆಂಪಗೆ ತೆವಳುತ್ತಿದೆಯೋ ಅದೂ ಗೊತ್ತಿಲ್ಲ. ಹೊಗೆಯ ವಾಸನೆ ಹಳೆಯದೋ ಹೊಸದೋ ಅಂತ ಮೂಗಿನಿಂದ ಹುಡುಕಿದೆ. ಉಸಿರು ಸಣ್ಣದು ಮಾಡಿದೆ, ದೊಡ್ಡ ಉಸಿರಿಗೆ ಕಲ್ಲು ಜರಿದೀತು ಅನ್ನುವ ಹಾಗೆ. ಮೇಲೆ ನೋಡಿದೆ. ಬಾವಿಯ ಬಾಯಿ ರೊಟ್ಟಿಯಷ್ಟು ಅಗಲ ಕಂಡಿತು. ಅದರಾಚೆ ಹಗಲಿನ ಆಕಾಶ, ಒಂದು ಚುಕ್ಕೆಯೂ ಇಲ್ಲ. ಕಿಟಕಿಯಿಲ್ಲದ ತತ್ತಿಯಲ್ಲಿ ಕೂತವನು ಅಂಜಿದ ಅಂತ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅಷ್ಟು ಸಲ ಓದಿದ್ದರೂ ಆ ಕೊರತೆ ನನಗೆ ಕಂಡದ್ದು ಆಗಲೇ.

ಹಗ್ಗ ಮತ್ತೆ ಬಂದಾಗ ಕಟ್ಟಿಗೆ ತುಂಡಿನ ಮೇಲೆ ಕೂಡಲು ಕಾಲು ಮಡಚಲಿಲ್ಲ. ಹಗ್ಗಕ್ಕೆ ಜೋತುಬಿದ್ದೇ ಮೇಲೆ ಬಂದೆ.

ಸಂಜೆವರೆಗೆ ಎಲ್ಲರೂ ಕೂಡಿ ಹಳ್ಳದಿಂದ ನೀರು ಹೊತ್ತು ಬಾವಿಗೆ ಸುರಿದೆವು. ಗೌಡಶ್ಯಾನಿಯೂ ಕೊಡ ಹೊತ್ತಳು. "ನೀರು ಬರ್ಲಿ ಅಂತ ಬಾವಿ ತಗಸಿದ್ನಿ, ಈಗ ನಾನ ತುಂಬಾಕತ್ತೀನಿ" ಅಂದಳು. ಯಾರಿಗೂ ನಗು ಬರಲಿಲ್ಲ. ಭಾಯ್ ನೀರು ಹೊತ್ತ, ಆದರೆ ದಂಡೆಗೆ ಬರಲಿಲ್ಲ. ಹತ್ತು ಹೆಜ್ಜೆ ದೂರದಲ್ಲೇ ಕೊಡ ನನ್ನ ಕೈಗೆ ಕೊಡುತ್ತಿದ್ದ.

ಮರುದಿನ ನಾನೇ ಇಳಿದೆ. ಯಾರೂ ಹೇಳಲಿಲ್ಲ. ಇಳಿಯುವುದಿಲ್ಲ ಅಂದಿದ್ದರೆ ನಾನು ಮುಂದೆ ಯಾವ ಬಾವಿಗೂ ಇಳಿಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಒಂದೊಂದೇ ಕಲ್ಲನ್ನು ಕೈಯಿಂದ ಎತ್ತಿ ಬುಟ್ಟಿಗೆ ಇಟ್ಟೆ. ಹೊತ್ತು ನೆತ್ತಿಗೆ ಬರುವ ಮೊದಲು ಅದು ಕಂಡಿತು. ತೂತಿನ ಬಾಯಿಗೆ ಒತ್ತಿದ ಮಣ್ಣು ಹಾಗೇ ಇತ್ತು. ಬತ್ತಿ ಅರ್ಧ ಉರಿದು ನಿಂತಿತ್ತು. ಅದರಿಂದ ಒಂದು ಗೇಣೂ ದೂರವಿಲ್ಲದ ಕಡೆ ಬಂಡೆಯ ಮೇಲೆ ಹಾರಿಯ ಹೊಡೆತದ ಬಿಳಿ ಗುರುತು ಇತ್ತು. ಹೊಚ್ಚ ಹೊಸದು. ನಿನ್ನೆ ನಾನು ಕೇಳಿದ ಠಣ್ ಅದೇ.

ಗೌಡಶ್ಯಾನಿ ತನ್ನ ಅಡುಗೆಮನೆಯ ಸಾರು ತಿರುವುವ ಕಟ್ಟಿಗೆ ಹುಟ್ಟನ್ನು ಕೊಟ್ಟಿದ್ದಳು. ಅದರ ಹಿಡಿಕೆಯಿಂದ ತೊಯ್ದ ಮದ್ದನ್ನು ಕೆರೆದು ಕೆರೆದು ತೆಗೆದೆ. ಮೇಲೆ ಬಂದು ಹುಟ್ಟು ತಿರುಗಿ ಕೊಡಲು ಹೋದರೆ, "ಅದನ್ನ ಇನ್ನ ಮನ್ಯಾಗ ಒಯ್ಯಾಂಗಿಲ್ಲ, ಒಗದ ಬಿಡು" ಅಂದಳು.

ಬಿಳಿ ಗುರುತಿನ ಮಾತನ್ನು ಭಾಯ್‌ಗೆ ಹೇಳಬಾರದು ಅಂದುಕೊಂಡಿದ್ದೆ. ಅವನೇ ಕೇಳಿದ. "ಎಷ್ಟ ದೂರ ಇತ್ತು?" ನಾನು ಕೈ ಬಿಚ್ಚಿ ಗೇಣು ತೋರಿಸಿದೆ. ಅವನು ತನ್ನ ಗೇಣನ್ನು ನನ್ನದಕ್ಕೆ ಹಚ್ಚಿ ನೋಡಿದ.

"ನನ್ನ ಕಿಸ್ಸಾದಾಗ ಕೆಳಗಿನ ಮಂದಿಗೆ ಅಂಜಿಕಿ ಅನ್ನೂದ ಗೊತ್ತಿಲ್ಲಂತ ಬರದಾನ ತಮ್ಮಾ. ಬರದಾವ ಒಮ್ಮೀನೂ ಇಳದಿಲ್ಲ ಬಿಡು."

ಆಮೇಲೆ ಅವನು ಬಾವಿಗೆ ಇಳಿಯಲಿಲ್ಲ. ಆ ಬಾವಿಗಷ್ಟೇ ಅಲ್ಲ, ಯಾವುದಕ್ಕೂ. ಗಂಗಾವತಿಗೆ ಹೋಗಿ ಸಂತೆಯ ಹತ್ತಿರ ಚಹಾದ ಅಂಗಡಿ ಇಟ್ಟ. ಮನೆಯವರೆಲ್ಲ ನಗುತ್ತಾರೆ ಅಂತ ಅಂಜಿದ್ದ. ಅವನ ಹೆಂಡತಿ ಮಾತ್ರ ಒಲೆಯ ಮುಂದೆ ಕೂತ ಅವನನ್ನು ನೋಡಿ ಕಣ್ಣೀರು ಒರೆಸಿಕೊಂಡಳಂತೆ. ನಾನು ಆ ಕಡೆ ಹೋದಾಗಲೆಲ್ಲ ಅವನ ಬೆಂಚಿನ ಮೇಲೆ ಕೂತು ಮತ್ತೆ ಅದೇ ಜಗಳ. ತತ್ತಿ ದೊಡ್ಡದೋ ಶಹರ ದೊಡ್ಡದೋ. ಒಂದು ಫರಕು ಬಂದಿತ್ತು. ಮೊದಲು ಯಾವ ಕಥೆಯಲ್ಲಿ ಎಷ್ಟು ದೂರ ಹೋದರು ಅಂತ ಕೇಳುತ್ತಿದ್ದವನು, ಈಗ, "ಹೊಳ್ಳಿ ಬರ್ತಾನೋ ಇಲ್ಲೋ ಅದನ್ನ ಮೊದ್ಲ ಹೇಳು" ಅನ್ನುತ್ತಿದ್ದ. ನನ್ನ ಪುಸ್ತಕದ ಕೊನೆಯ ಹಾಳೆಗಳು ಇಲ್ಲವಲ್ಲ. ನಾನು ಹೇಗೆ ಹೇಳಲಿ?

ಒಂದು ಸಂತೆಯ ದಿನ ಕೇಳಿ ಕೇಳಿ ಬೇಸರಾಗಿ, "ಬರ್ತಾನ ಭಾಯ್" ಅಂದೆ. "ಹಗ್ಗಾ ಬಿಟ್ಟು ಮ್ಯಾಲ ಎಳಕೋತಾರ."

"ಮಂಗಳದಿಂದ? ಹಗ್ಗಾ?"

"ಉದ್ದನ್ನ ಹಗ್ಗ."

"ಯಾರ ಎಳೀತಾರ?"

"ಒಬ್ಬಾಕಿ ಗೌಡಶ್ಯಾನಿ ಅದಾಳ."

ಅವನು ಕೆಟಲಿ ಕೆಳಗಿಟ್ಟು ಅಷ್ಟು ಮಂದಿಯ ಮುಂದೆ ಗಹಗಹಿಸಿ ನಕ್ಕ. "ಸುಳ್ಳ ಓದಾಕತ್ತಿ" ಅಂದ. ಮುಂದಿನ ಸಲ ಹೋದಾಗ ತನ್ನ ಕಂತುಗಳ ಕಟ್ಟನ್ನು ನನಗೇ ಕೊಟ್ಟುಬಿಟ್ಟ.

ನಾನು ಮಾತ್ರ ಇನ್ನೂ ಏಳೆಂಟು ವರ್ಷ ಬಾವಿ ತೋಡಿದೆ. ಪ್ರತಿ ಸಲ ಅಂಜಿದೆ. ವಲ್ಲಿಯ ಕಲ್ಲು ಯಾರೂ ಮುಟ್ಟದ ಹಾಗೆ ಅದರ ಮೇಲೆ ನಾನೇ ಕೂತು ಊಟ ಮಾಡುತ್ತಿದ್ದೆ. ಜೋಡಿಯವರು ನಗುತ್ತಿದ್ದರು, ನಗಲಿ. ನನ್ನ ಜೋಡಿ ಇಳಿದವರೆಲ್ಲ ಮೇಲೆ ಬಂದಿದ್ದಾರೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾಲ್ಕು ಎಕರೆ ಮಸಾರಿ ಹೊಲ, ಅದರಲ್ಲಿ ನಾನೇ ತೋಡಿದ ಒಂದು ಬಾವಿ. ಎರಡು ಎತ್ತು. ಎರಡು ಕಣ್ಣು, ಹತ್ತು ಬೆರಳು, ಕೇಳುವ ಕಿವಿ ಒಂದು, ಇನ್ನೊಂದನ್ನು ಮದ್ದಿನ ಸಪ್ಪಳ ಒಯ್ದಿತು. ಗಂಗಾವತಿಯಲ್ಲಿ ಒಬ್ಬ ಭಾಯ್. ಕೊನೆಯಿಲ್ಲದ ಒಂದು ಕನ್ನಡ ಪುಸ್ತಕ, ಒಂದು ಕಟ್ಟು ಉರ್ದು ಕಂತು. ಒಂದು ಹಾರಿ. ಒಂದು ಕರೇ ಕಲ್ಲು.